ವಿಶ್ವಬ್ಯಾಂಕಿನ ರಸ್ತೆ ಎಂದರೆ ಯಾರ ರಸ್ತೆ?

ಕಾಸರಗೋಡಿನಿಂದ ಕಾಞಂಗಾಡಿಗೆ ಹೋಗಲು ಎರಡು ದಾರಿಗಳಿವೆ. ಒಂದು ರಾಷ್ಟ್ರೀಯ ಹೆದ್ದಾರಿ 66. ಅದು ಚೆರ್ಕಳ, ಪೊಯಿನಾಚಿ, ಪೆರಿಯ ದಾಟಿ ಹೋಗುತ್ತದೆ. ಇನ್ನೊಂದು ಕಡಲ ಬದಿಯ ದಾರಿ. ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಕಳನಾಡು, ಉದುಮ, ಬೇಕಲ ಹಿಡಿದು ಸಾಗುತ್ತದೆ. ಸರ್ಕಾರಿ ಲೆಕ್ಕದಲ್ಲಿ ಅದು ರಾಜ್ಯ ಹೆದ್ದಾರಿ. ಊರಿನವರ ಬಾಯಲ್ಲಿ ಮಾತ್ರ ಕೆಎಸ್‌ಟಿಪಿ ರಸ್ತೆ. ಕೇರಳ ಸ್ಟೇಟ್ ಟ್ರಾನ್ಸ್‌ಪೋರ್ಟ್ ಪ್ರಾಜೆಕ್ಟ್ ಎಂಬ ಯೋಜನೆಯ ಎರಡನೇ ಹಂತದಲ್ಲಿ ಹೊಸದಾಗಿ ಎದ್ದ ರಸ್ತೆಗಳಲ್ಲಿ ಇದೂ ಒಂದು. ಆ ಹಂತಕ್ಕೆ 2013ರಲ್ಲಿ ವಿಶ್ವಬ್ಯಾಂಕ್ 21.6 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು.

ಹಾಗಾಗಿ ಬಸ್ಸಿನಲ್ಲಿ, ಹೋಟೆಲಿನಲ್ಲಿ ಒಂದು ಮಾತು ಕೇಳಿಸುತ್ತದೆ: "ಇದು ವಿಶ್ವಬ್ಯಾಂಕಿನವರು ಮಾಡಿದ ರಸ್ತೆ." ಮಳೆಗಾಲದಲ್ಲಿ ಎಲ್ಲಾದರೂ ಹೊಂಡ ಬಿದ್ದರೆ ಅದೇ ಮಾತಿಗೆ ಬಾಲ ಸೇರುತ್ತದೆ: "ವಿಶ್ವಬ್ಯಾಂಕಿನವರೇ ಬಂದು ನೋಡಲಿ."

ನಿಜ ಹೇಳಬೇಕೆಂದರೆ ವಿಶ್ವಬ್ಯಾಂಕ್ ಅಲ್ಲಿ ಒಂದು ಬುಟ್ಟಿ ಜಲ್ಲಿಯನ್ನೂ ಹಾಕಿಲ್ಲ. ಗುತ್ತಿಗೆದಾರನನ್ನು ನೇಮಿಸಿದ್ದು ಅದಲ್ಲ. ಜಾಗ ವಶಪಡಿಸಿದ್ದೂ ಅದಲ್ಲ. ಅದು ಮಾಡಿದ ಮುಖ್ಯ ಕೆಲಸ ರುಜು ಹಾಕಿದ್ದು. ಅಂಥ ಸಂಸ್ಥೆಗಳನ್ನು ಅರ್ಥ ಮಾಡಿಕೊಳ್ಳಲು ಅವರ ಫಲಕ, ಲಾಂಛನ, ಫೋಟೋ ನೋಡಿ ಪ್ರಯೋಜನ ಇಲ್ಲ. ಅವರು ಯಾರ ಜತೆ ಯಾವ ಕಾಗದಕ್ಕೆ ರುಜು ಹಾಕಿದ್ದಾರೆ ಎಂದು ನೋಡಬೇಕು. ಆ ಕಾಗದಗಳ ಮೊತ್ತವೇ ಆ ಸಂಸ್ಥೆ.

ನಮ್ಮ ಕಡೆಯ ಹಿರಿಯರಿಗೆ ಇದು ಹೊಸ ಸಂಗತಿ ಅಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಇಲ್ಲಿಯ ಗದ್ದೆ, ತೋಟಗಳಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಪದಗಳು ಮನೆಯ ಹಣೆಬರಹವನ್ನೇ ಬರೆಯುತ್ತಿದ್ದವು. ಮೂಲಗೇಣಿಯವನ ಹಕ್ಕು ಶಾಶ್ವತ. ಗೇಣಿ ನಿಗದಿ. ಮಕ್ಕಳಿಗೂ ಅದು ಸಲ್ಲುತ್ತಿತ್ತು. ಚಾಲಗೇಣಿಯವನನ್ನು ಧನಿ ಎಬ್ಬಿಸಬಹುದಿತ್ತು. ಇಬ್ಬರ ಕೈಯಲ್ಲೂ ಒಂದೇ ಹಾರೆ, ಕಾಲ ಕೆಳಗೆ ಒಂದೇ ಕೆಸರು. ಬೇರೆ ಇದ್ದದ್ದು ಗೇಣಿಚೀಟಿ ಮಾತ್ರ. ಕೇರಳದಲ್ಲಿ 1970ರ ಜನವರಿ 1ರಂದು ಗೇಣಿ ಪದ್ಧತಿಯೇ ಕೊನೆಯಾದಾಗಲೂ, ಯಾರು ಏನು ಎಂದು ತೋರಿಸಲು ಜನ ಹುಡುಕಿದ್ದು ಅದೇ ಚೀಟಿಗಳನ್ನು. ವಿಶ್ವಬ್ಯಾಂಕನ್ನೂ ಅದೇ ಕಣ್ಣಿನಿಂದ ನೋಡೋಣ.

ಹುಟ್ಟಿದ ಚೀಟಿ

ವಿಶ್ವಬ್ಯಾಂಕ್ ಹುಟ್ಟಿದ್ದೇ ಒಂದು ಒಪ್ಪಂದದಿಂದ. 1944ರ ಜುಲೈಯಲ್ಲಿ ಅಮೆರಿಕದ ಬ್ರೆಟನ್ ವುಡ್ಸ್ ಎಂಬಲ್ಲಿ 44 ದೇಶಗಳ ಪ್ರತಿನಿಧಿಗಳು ಸೇರಿ ಅದರ ಕರಡು ಮಾಡಿದರು. ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಭಾರತಕ್ಕೆ ಸ್ವಾತಂತ್ರ್ಯವೂ ಬಂದಿರಲಿಲ್ಲ. ಆದರೂ ಭಾರತದ ತಂಡ ಅಲ್ಲಿತ್ತು. ಆಗ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಸಿ.ಡಿ. ದೇಶಮುಖ್, ಆರ್.ಕೆ. ಷಣ್ಮುಖಂ ಚೆಟ್ಟಿ ಅದರಲ್ಲಿದ್ದರು. 1945ರ ಡಿಸೆಂಬರ್ 27ರಂದು ಒಪ್ಪಂದ ಜಾರಿಗೆ ಬಂತು. ಮೊದಲ ಸದಸ್ಯರಲ್ಲಿ ಭಾರತವೂ ಒಂದು. ಇವತ್ತು ಸದಸ್ಯ ದೇಶಗಳು 189.

ಈ ಮೂಲ ಒಪ್ಪಂದದಲ್ಲಿ ಇರುವ ಕೆಲವು ಸಾಲುಗಳು ಬ್ಯಾಂಕಿನ ಗುಣವನ್ನೇ ಕಟ್ಟಿಹಾಕಿವೆ. ಬ್ಯಾಂಕ್ ಸಾಲ ಕೊಡುವುದು ಸದಸ್ಯ ದೇಶದ ಸರ್ಕಾರಕ್ಕೆ. ಬೇರೆ ಯಾರಿಗಾದರೂ ಕೊಡುವುದಿದ್ದರೆ ಆ ದೇಶದ ಜಾಮೀನು ಬೇಕು. ಕೊಟ್ಟ ದುಡ್ಡು ಹೇಳಿದ ಕೆಲಸಕ್ಕೇ ಹೋಯಿತು ಎಂದು ಬ್ಯಾಂಕ್ ಖಾತ್ರಿ ಮಾಡಿಕೊಳ್ಳಬೇಕು. ಸದಸ್ಯ ದೇಶದ ರಾಜಕೀಯದಲ್ಲಿ ಬ್ಯಾಂಕ್ ಕೈಹಾಕಬಾರದು, ಆರ್ಥಿಕ ಲೆಕ್ಕಾಚಾರ ಮಾತ್ರ ನೋಡಬೇಕು. ಯಾವ ದೇಶದ ಷೇರು ಎಲ್ಲಕ್ಕಿಂತ ಜಾಸ್ತಿಯೋ ಮುಖ್ಯ ಕಚೇರಿ ಆ ದೇಶದಲ್ಲಿರಬೇಕು. ಬ್ಯಾಂಕ್ ವಾಷಿಂಗ್ಟನ್‌ನಲ್ಲಿ ಕೂತಿರುವುದು ಈ ಒಂದು ಸಾಲಿನ ಬಲದಿಂದ.

ಮೂಲ ಒಪ್ಪಂದವನ್ನು ತಿದ್ದಬೇಕಾದರೆ ಐದರಲ್ಲಿ ಮೂರು ಪಾಲು ಸದಸ್ಯ ದೇಶಗಳು ಒಪ್ಪಬೇಕು, ಜತೆಗೆ ಒಟ್ಟು ಮತಬಲದಲ್ಲಿ ಶೇಕಡಾ 85 ಸೇರಬೇಕು. ಅಮೆರಿಕ ಒಂದರ ಮತಬಲವೇ ಶೇಕಡಾ 15ಕ್ಕಿಂತ ಜಾಸ್ತಿ. ಎಂದರೆ ಆ ದೇಶ ಒಪ್ಪದೆ ಒಂದು ಅಕ್ಷರವೂ ಬದಲಾಗದು. "ವಿಶ್ವ" ಎಂಬ ಹೆಸರು ನೋಡಿ ಎಲ್ಲರೂ ಸಮ ಎಂದುಕೊಳ್ಳುವವರಿಗೆ ನಾನು ಈ ಲೆಕ್ಕ ತೋರಿಸುತ್ತೇನೆ.

ಈ ಒಪ್ಪಂದಕ್ಕೆ ಭಾರತದ ನೆಲದಲ್ಲಿ ಕಾನೂನಿನ ಬಲ ಸಿಕ್ಕಿದ್ದು 1945ರಲ್ಲೇ ಬಂದ ಒಂದು ಶಾಸನದಿಂದ. ಬ್ಯಾಂಕಿನ ಆಸ್ತಿ, ಕಾಗದಪತ್ರ, ಅಧಿಕಾರಿಗಳಿಗೆ ಇಲ್ಲಿಯ ನ್ಯಾಯಾಲಯಗಳಲ್ಲಿ ರಕ್ಷಣೆ ಸಿಗುವುದು ಆ ದಾರಿಯಿಂದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಸ್ತೆಯ ಕೆಳಗಿನ ಕಾಗದಗಳು

ಈಗ ಚಂದ್ರಗಿರಿಗೆ ವಾಪಸ್ ಬರೋಣ. ರಸ್ತೆ ಕೇರಳದ್ದು. ದುಡ್ಡು ವಾಷಿಂಗ್ಟನ್‌ನದ್ದು. ಹಾಗಾದರೆ ಕೇರಳ ನೇರ ಹೋಗಿ ಸಾಲ ಕೇಳಿತೇ? ಇಲ್ಲ. ಕೇಳುವ ಹಾಗೂ ಇಲ್ಲ. ಸಂವಿಧಾನದ 293ನೇ ವಿಧಿ ರಾಜ್ಯಗಳಿಗೆ ಸಾಲ ಎತ್ತುವ ಅಧಿಕಾರ ಕೊಟ್ಟಿದೆ, ಆದರೆ ಭಾರತದ ಒಳಗೆ ಮಾತ್ರ. ಹೊರದೇಶದ ಸಾಲಕ್ಕೆ ಕೇಂದ್ರವೇ ಕೈಯೊಡ್ಡಬೇಕು.

ಹಾಗಾಗಿ ಮೊದಲ ಕಾಗದ ಸಾಲದ ಒಪ್ಪಂದ. ಅದರಲ್ಲಿ ಇರುವವರು ಇಬ್ಬರೇ. ಭಾರತ ಮತ್ತು ಬ್ಯಾಂಕ್. ಸಾಲಗಾರ ಭಾರತ. ಕೇರಳ ರಾಜ್ಯದಿಂದ ಕೆಲಸ ಮಾಡಿಸುತ್ತೇನೆ ಎಂದು ಭಾರತ ಅದರಲ್ಲಿ ಮಾತು ಕೊಡುತ್ತದೆ.

ಎರಡನೆಯದು ಯೋಜನಾ ಒಪ್ಪಂದ. ಇದು ಬ್ಯಾಂಕ್ ಮತ್ತು ಕೇರಳದ ನಡುವೆ. ಇದರಲ್ಲಿ ದುಡ್ಡಿನ ಮಾತು ಕಡಿಮೆ. ಕೆಲಸದ ಮಾತು ಜಾಸ್ತಿ. ಯಾವ ಕಚೇರಿ ನಡೆಸಬೇಕು, ಎಷ್ಟು ಸಿಬ್ಬಂದಿ ಇರಬೇಕು, ಟೆಂಡರ್ ಯಾವ ನಿಯಮದಂತೆ ಕರೆಯಬೇಕು, ಪರಿಸರ ಮತ್ತು ಪುನರ್ವಸತಿಯ ಯೋಜನೆಗಳನ್ನು ಹೇಗೆ ಪಾಲಿಸಬೇಕು, ವರದಿ ಎಷ್ಟು ತಿಂಗಳಿಗೊಮ್ಮೆ ಕೊಡಬೇಕು. ಎಲ್ಲ ಇಲ್ಲಿದೆ.

ಮೂರನೆಯದು ಕೇಂದ್ರ ಮತ್ತು ರಾಜ್ಯದ ನಡುವಿನ ವ್ಯವಸ್ಥೆ. ಹಿಂದೆ ಕೇಂದ್ರ ಈ ದುಡ್ಡನ್ನು ಸಾಧಾರಣ ರಾಜ್ಯಗಳಿಗೆ 70 ಪಾಲು ಸಾಲ, 30 ಪಾಲು ಅನುದಾನ ಎಂದು ಕೊಡುತ್ತಿತ್ತು. 2005ರ ಏಪ್ರಿಲ್‌ನಿಂದ ಅದು ನಿಂತಿತು. ಬ್ಯಾಂಕಿನಿಂದ ಯಾವ ಷರತ್ತಿನಲ್ಲಿ ಬಂತೋ ಅದೇ ಷರತ್ತಿನಲ್ಲಿ ರಾಜ್ಯಕ್ಕೆ ಹೋಗುತ್ತದೆ. ಬಡ್ಡಿಯೂ ಹಾಗೇ, ಡಾಲರ್ ಏರಿದರೆ ಬೀಳುವ ಹೊರೆಯೂ ಹಾಗೇ. ರೂಪಾಯಿ ಬಿದ್ದಾಗ ಕೇರಳದ ಖಜಾನೆಗೆ ಅದರ ಪೆಟ್ಟು ತಟ್ಟುತ್ತದೆ ಎನ್ನುವುದನ್ನು ರಸ್ತೆಯ ಉದ್ಘಾಟನೆಯ ದಿನ ಯಾರೂ ಹೇಳುವುದಿಲ್ಲ.

ನಾಲ್ಕನೆಯದು ಕಾಮಗಾರಿಯ ಕರಾರು. ರಾಜ್ಯದ ಯೋಜನಾ ಕಚೇರಿ ಮತ್ತು ಗುತ್ತಿಗೆದಾರನ ನಡುವೆ. ಜಲ್ಲಿ, ಡಾಮರು, ಚರಂಡಿ, ಗಡುವು, ದಂಡ, ಕೆಲಸ ಮುಗಿದ ಮೇಲೆ ಎಷ್ಟು ಕಾಲದ ತನಕ ದೋಷ ಕಂಡರೆ ಗುತ್ತಿಗೆದಾರನೇ ಸರಿಮಾಡಬೇಕು ಎಂಬ ಅವಧಿ, ಎಲ್ಲವೂ ಇದರಲ್ಲಿ. ಮೇಲ್ವಿಚಾರಣೆಯ ಎಂಜಿನಿಯರುಗಳ ಸಂಸ್ಥೆಗೆ ಬೇರೆಯೇ ಒಂದು ಕರಾರು.

ಹೊಂಡದ ಪ್ರಶ್ನೆಗೆ ಉತ್ತರ ಈ ನಾಲ್ಕನೇ ಕಾಗದದಲ್ಲಿದೆ. ಅದರಲ್ಲಿ ಬ್ಯಾಂಕ್ ಇಲ್ಲವೇ ಇಲ್ಲ. ಹೊಂಡ ಬಿದ್ದರೆ ಕೇಳಬೇಕಾದ್ದು ರಾಜ್ಯದ ಕಚೇರಿಯನ್ನು. ಗುತ್ತಿಗೆದಾರನ ಕಿವಿ ಹಿಂಡುವ ಅಧಿಕಾರ ಅದಕ್ಕಿದೆ. ದೋಷದ ಅವಧಿ ಇನ್ನೂ ಮುಗಿದಿಲ್ಲವಾದರೆ ಸರಿಮಾಡಿಸುವ ಖರ್ಚು ಗುತ್ತಿಗೆದಾರನದು. ಮುಗಿದ ಮೇಲಾದರೆ ಸರ್ಕಾರದ್ದು. ಬ್ಯಾಂಕನ್ನು ಬೈದರೆ ಇಬ್ಬರೂ ಸುಮ್ನೆ ಕೂರುತ್ತಾರೆ, ಅಲ್ವಾ? ನನಗೆ ಬೇಸರ ಆಗುವುದು ಇದಕ್ಕೇ.

ಹಾಗಾದರೆ ಬ್ಯಾಂಕಿನ ಕೈಯಲ್ಲಿ ಏನಿದೆ? ಮುಖ್ಯವಾಗಿ ನಲ್ಲಿಯ ತಿರುಗಣೆ. ದೊಡ್ಡ ಟೆಂಡರುಗಳಲ್ಲಿ ಗುತ್ತಿಗೆದಾರನನ್ನು ಆರಿಸುವುದು ರಾಜ್ಯ, ಆದರೆ ಬ್ಯಾಂಕಿನಿಂದ "ಅಭ್ಯಂತರವಿಲ್ಲ" ಎಂಬ ಪತ್ರ ಬರಬೇಕು. ಬಾರದೆ ಹೋದರೆ ಆ ಕರಾರಿಗೆ ಸಾಲದ ದುಡ್ಡು ಸಿಗದು. ಒಪ್ಪಂದ ಮುರಿದರೆ ದುಡ್ಡು ತಡೆಹಿಡಿಯಬಹುದು, ಉಳಿದ ಸಾಲ ರದ್ದು ಮಾಡಬಹುದು. ಮೋಸ ಮಾಡಿದ ಕಂಪೆನಿಯನ್ನು ತನ್ನ ಯೋಜನೆಗಳಿಂದ ಹೊರಗಿಡಬಹುದು. 2010ರಲ್ಲಿ ಬ್ಯಾಂಕ್ ಮತ್ತು ಏಷ್ಯಾದ ಅಭಿವೃದ್ಧಿ ಬ್ಯಾಂಕ್ ಸೇರಿ ಐದು ಸಂಸ್ಥೆಗಳು ಇದಕ್ಕೂ ಒಂದು ಒಪ್ಪಂದ ಮಾಡಿಕೊಂಡವು. ಒಂದು ಕಡೆ ಒಂದು ವರ್ಷಕ್ಕಿಂತ ಹೆಚ್ಚಿನ ನಿಷೇಧ ಬಿದ್ದರೆ ಉಳಿದ ನಾಲ್ಕೂ ಕಡೆ ಬಾಗಿಲು ಮುಚ್ಚುತ್ತದೆ.

ಈ ಎಲ್ಲದರ ಹಿಂದೆ ಇನ್ನೊಂದು ಪುಸ್ತಕ ಇದೆ. ಅದರ ಹೆಸರು ಸಾಮಾನ್ಯ ಷರತ್ತುಗಳು. ಪ್ರತಿಯೊಂದು ಸಾಲದ ಒಪ್ಪಂದವೂ "ಆ ಷರತ್ತುಗಳು ಇದರ ಭಾಗ" ಎಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಆ ಒಂದು ಸಾಲಿನಲ್ಲಿ ಒಂದು ಇಡೀ ಪುಸ್ತಕ ಒಳಗೆ ಬಂದಿರುತ್ತದೆ. ಯಾವುದೇ ದೇಶದ ಅಥವಾ ರಾಜ್ಯದ ಕಾನೂನು ಬೇರೆ ಹೇಳಿದರೂ ಈ ಒಪ್ಪಂದದ ಹಕ್ಕು ಮತ್ತು ಹೊಣೆ ಊರ್ಜಿತ ಎಂದು ಅದರಲ್ಲಿದೆ. ಜಗಳ ಬಂದರೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ, ಮೂವರು ಪಂಚರ ಮುಂದೆ ಹೋಗಬೇಕು ಎಂದೂ ಇದೆ. ನಿಮ್ಮ ಊರಿನ ಸಹಕಾರಿ ಬ್ಯಾಂಕಿನ ಸಾಲದ ಅರ್ಜಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ನೆನೆಸಿಕೊಳ್ಳಿ. ಜಾತಿ ಅದೇ. ಗಾತ್ರ ಬೇರೆ.

ಗೂಡಂಗಡಿಯವನು ಎಲ್ಲಿದ್ದಾನೆ

ಇಷ್ಟು ಕಾಗದಗಳಲ್ಲಿ ರಸ್ತೆ ಬದಿಯ ಮನುಷ್ಯನ ರುಜು ಎಲ್ಲೂ ಇಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದು. ಒಂದು ಉದಾಹರಣೆ ಹಿಡಿಯೋಣ. ರಸ್ತೆ ಬದಿಯ ಸರ್ಕಾರಿ ಜಾಗದಲ್ಲಿ ಒಬ್ಬರು ಹತ್ತು ವರ್ಷದಿಂದ ಗೂಡಂಗಡಿ ಇಟ್ಟಿದ್ದಾರೆ. ಬೀಡಿ, ಸೋಡಾ, ಪೇಪರ್ ಮಾರುತ್ತಾರೆ. ಪಟ್ಟಾ ಇಲ್ಲ, ಬಾಡಿಗೆ ಚೀಟಿ ಇಲ್ಲ. ರಸ್ತೆ ಅಗಲ ಆಗುತ್ತದೆ. ಅವರಿಗೆ ಏನು ಸಿಗಬೇಕು?

2013ರ ಕೊನೆಯ ತನಕ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾನೂನಿನ ಕಣ್ಣಿಗೆ ಅವರು ಬರಿ ಅತಿಕ್ರಮಣಕಾರ ಆಗಿದ್ದರು. ಭೂಮಿಯೇ ಅವರದ್ದಲ್ಲದ ಮೇಲೆ ಪರಿಹಾರ ಎಲ್ಲಿಯದು? ಆದರೆ ಕೆಎಸ್‌ಟಿಪಿ ಎರಡನೇ ಹಂತಕ್ಕೆ ಅನ್ವಯಿಸುತ್ತಿದ್ದ ಬ್ಯಾಂಕಿನ ಪುನರ್ವಸತಿ ನೀತಿ ಬೇರೆ ಹೇಳುತ್ತಿತ್ತು. ಹಕ್ಕುಪತ್ರ ಇಲ್ಲದಿದ್ದರೂ, ಒಂದು ನಿಗದಿತ ದಿನಕ್ಕಿಂತ ಮೊದಲೇ ಅಲ್ಲಿ ಇದ್ದವರಿಗೆ ಸಹಾಯ ಕೊಡಬೇಕು. ಭೂಮಿಗೆ ಬೆಲೆ ಕೊಡಬೇಕಿಲ್ಲ, ಆದರೆ ಕಳೆದುಹೋದ ಕಟ್ಟಡ, ನಿಂತುಹೋದ ಸಂಪಾದನೆ ಲೆಕ್ಕಕ್ಕೆ ಬರಬೇಕು. ಆ ದಿನ ಕಳೆದ ಮೇಲೆ ಬಂದು ಗೂಡು ಇಟ್ಟವರಿಗೆ ಏನೂ ಇಲ್ಲ. ಹಾಗಾಗಿ ಸಮೀಕ್ಷೆಗೆ ಬಂದ ದಿನ ಅಂಗಡಿ ಮುಚ್ಚಿ ಮದುವೆಗೆ ಹೋಗಿದ್ದವರಿಗೆ ಆ ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಎನ್ನುವುದು ದೊಡ್ಡ ವಿಷಯ. ಪಟ್ಟಿ ಪ್ರಕಟವಾದ ಕೂಡಲೇ ಹೋಗಿ ನೋಡಬೇಕು.

ಆ ನೀತಿ ಬ್ಯಾಂಕಿನ ಒಳಗಿನ ಕಾಗದ. ಅದು ಗೂಡಂಗಡಿಯ ತನಕ ಹೇಗೆ ಬಂತು? ನೀತಿಯಂತೆ ರಾಜ್ಯ ಒಂದು ಪುನರ್ವಸತಿ ಯೋಜನೆ ಬರೆಯುತ್ತದೆ. ಅದನ್ನು ಪಾಲಿಸುತ್ತೇನೆ ಎಂದು ಯೋಜನಾ ಒಪ್ಪಂದದಲ್ಲಿ ರುಜು ಹಾಕುತ್ತದೆ. ಆ ಕ್ಷಣಕ್ಕೆ ನೀತಿ ಕರಾರಾಗುತ್ತದೆ. ಗೂಡಂಗಡಿಯವರು ಯಾವ ಕಾಗದಕ್ಕೂ ರುಜು ಹಾಕಿಲ್ಲ. ಆದರೂ ಅವರ ಸೋಡಾ ಬಾಟಲಿಗಳ ಪೆಟ್ಟಿಗೆ ಎರಡು ದೊಡ್ಡವರ ಒಪ್ಪಂದದ ಒಳಗೆ ಹೋಗಿ ಕೂತಿದೆ.

ಇದರ ಪಕ್ಕದಲ್ಲೇ ತಲಪಾಡಿಯಿಂದ ಬರುವ ಹೆದ್ದಾರಿ 66ರ ಆರು ಪಥದ ಕೆಲಸ ಇಟ್ಟು ನೋಡಿ. ಅದಕ್ಕೆ ವಿಶ್ವಬ್ಯಾಂಕಿನ ಸಾಲ ಇಲ್ಲ. ಅಲ್ಲಿ ನಡೆಯುವುದು 1956ರ ಹೆದ್ದಾರಿ ಕಾನೂನು, ಪರಿಹಾರದ ಲೆಕ್ಕಕ್ಕೆ 2013ರ ಭೂಸ್ವಾಧೀನ ಕಾನೂನು. ಒಂದೇ ಜಿಲ್ಲೆ, ಒಂದೇ ಚಂದ್ರಗಿರಿ ಹೊಳೆ, ಎರಡು ರಸ್ತೆ. ಎರಡು ರಸ್ತೆಯ ಬದಿಯವರ ಹಕ್ಕುಗಳು ಹುಟ್ಟುವುದು ಬೇರೆ ಬೇರೆ ಕಾಗದಗಳಿಂದ. "ಅಲ್ಲಿ ಕೊಟ್ಟರು, ಇಲ್ಲಿ ಯಾಕೆ ಕೊಡಲಿಲ್ಲ" ಎಂದು ಕೇಳುವವರಿಗೆ ಉತ್ತರ ಇದರಲ್ಲಿ ಇದೆ. ಉತ್ತರ ನ್ಯಾಯವೇ ಎಂದು ಕೇಳಿದರೆ, ಅಲ್ಲ ಎಂದೇ ನಾನು ಹೇಳುತ್ತೇನೆ. ಒಬ್ಬ ಬಡವನ ಅಂಗಡಿಯ ಬೆಲೆ ಸಾಲ ಎಲ್ಲಿಂದ ಬಂತು ಎನ್ನುವುದರ ಮೇಲೆ ಬದಲಾಗಬಾರದು.

2018ರ ಅಕ್ಟೋಬರ್ 1ರ ನಂತರ ಶುರುವಾದ ಯೋಜನೆಗಳಿಗೆ ಬ್ಯಾಂಕಿನ ಹಳೆಯ ನೀತಿಗಳು ಹೋಗಿ ಹೊಸ ಚೌಕಟ್ಟು ಬಂದಿದೆ. ಅದರಲ್ಲಿ ಪರಿಸರ ಮತ್ತು ಜನರ ಬಗ್ಗೆ ಸರ್ಕಾರ ಕೊಟ್ಟ ಮಾತುಗಳದ್ದೇ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿ ಒಪ್ಪಂದದ ಭಾಗ. ದೂರು ಕೇಳುವ ವ್ಯವಸ್ಥೆ ಮೊದಲ ದಿನದಿಂದಲೇ ಇರಬೇಕು.

ಮಾತು ಮುರಿದಾಗ

ಬರೆದದ್ದೆಲ್ಲ ನಡೆಯುತ್ತದೆಯೇ? ನರ್ಮದೆಯ ಕಥೆ ನೋಡಿ. ಸರ್ದಾರ್ ಸರೋವರ ಅಣೆಕಟ್ಟಿಗೆ 1985ರಲ್ಲಿ ಬ್ಯಾಂಕ್ 45 ಕೋಟಿ ಡಾಲರ್ ಒಪ್ಪಿತು. ಮುಳುಗಡೆಯವರ ಪುನರ್ವಸತಿ ಬಗ್ಗೆ ಒಪ್ಪಂದದಲ್ಲಿ ಷರತ್ತುಗಳಿದ್ದವು. ನೆಲದ ಮೇಲೆ ಅವು ನಡೆಯಲಿಲ್ಲ. ಕಣಿವೆಯ ಜನ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ ಬ್ಯಾಂಕೇ ನೇಮಿಸಿದ ಸ್ವತಂತ್ರ ಸಮಿತಿ, ಬ್ರಾಡ್‌ಫರ್ಡ್ ಮೋರ್ಸ್ ಅವರ ನೇತೃತ್ವದ್ದು, 1992ರಲ್ಲಿ ವರದಿ ಕೊಟ್ಟಿತು. ಬ್ಯಾಂಕ್ ತನ್ನದೇ ನೀತಿ ಪಾಲಿಸಿಲ್ಲ, ಹಿಂದೆ ಸರಿಯಬೇಕು ಎನ್ನುವುದು ಅದರ ಸಾರ. 1993ರ ಮಾರ್ಚ್‌ನಲ್ಲಿ ಉಳಿದ ಸಾಲ ಬೇಡ ಎಂದು ಭಾರತ ಸರ್ಕಾರವೇ ಹೇಳಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ತಪಾಸಣಾ ಮಂಡಳಿ ಎಂಬ ವ್ಯವಸ್ಥೆ ಮಾಡಿತು. ಬ್ಯಾಂಕ್ ತನ್ನ ನೀತಿ ಮುರಿದದ್ದರಿಂದ ತೊಂದರೆಯಾಯಿತು ಎಂದು ಜನರೇ ನೇರ ದೂರು ಕೊಡಬಹುದಾದ ಜಾಗ. ಸರ್ಕಾರದ ಮೂಲಕ ಹೋಗಬೇಕಿಲ್ಲ. ಒಪ್ಪಂದದಲ್ಲಿ ಹೆಸರೇ ಇಲ್ಲದ ಜನರಿಗೆ ಒಂದು ಬಾಗಿಲು ತೆರೆದದ್ದು ಹೀಗೆ. ಆ ಬಾಗಿಲು ದೊಡ್ಡವರ ಔದಾರ್ಯದಿಂದ ಬಂತೆಂದು ನಾನು ನಂಬುವುದಿಲ್ಲ. ನರ್ಮದೆಯ ಜನರ ಹೋರಾಟ ಅದಕ್ಕೆ ದಾರಿ ಮಾಡಿತು.

ನ್ಯಾಯಾಲಯಕ್ಕೆ ಯಾಕೆ ಹೋಗಬಾರದು ಎಂದು ನೀವು ಕೇಳಬಹುದು. ಗುಜರಾತಿನ ಮುಂದ್ರಾದ ಮೀನುಗಾರರು ಹೋದರು. ಅಲ್ಲಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿ 2008ರಲ್ಲಿ 45 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಐಎಫ್‌ಸಿ ಸಾಲ ಕೊಡುವುದು ಖಾಸಗಿ ಕಂಪೆನಿಗಳಿಗೆ. ಸರ್ಕಾರದ ಜಾಮೀನು ಬೇಡ. ಅದರ ಹುಟ್ಟಿನ ಒಪ್ಪಂದವೇ ಬೇರೆ, 1956ರದ್ದು. ಸ್ಥಾವರದಿಂದ ಮೀನು, ನೀರು, ಗಾಳಿ ಹಾಳಾಯಿತು, ಸಾಲದ ಷರತ್ತುಗಳನ್ನು ಜಾರಿ ಮಾಡಿಸಲಿಲ್ಲ ಎನ್ನುವುದು ದೂರು. ಐಎಫ್‌ಸಿ ತನಗೆ ಪೂರ್ತಿ ರಕ್ಷಣೆ ಇದೆ ಎಂದಿತು. 2019ರ ಫೆಬ್ರವರಿ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ 7-1ರ ತೀರ್ಪಿನಲ್ಲಿ ಹಾಗಿಲ್ಲ ಎಂದಿತು. ಇಂಥ ಸಂಸ್ಥೆಗಳಿಗೆ ಆ ದೇಶದಲ್ಲಿ ವಿದೇಶಿ ಸರ್ಕಾರಗಳಿಗೆ ಇರುವಷ್ಟೇ ರಕ್ಷಣೆ, ಅದಕ್ಕಿಂತ ಜಾಸ್ತಿ ಇಲ್ಲ. ಮೀನುಗಾರರಿಗೆ ಅದು ದೊಡ್ಡ ಗೆಲುವು. ಆದರೆ ಕೆಳಗಿನ ನ್ಯಾಯಾಲಯಗಳು, ದೂರಿನ ಮೂಲ ಘಟನೆ ನಡೆದದ್ದು ಭಾರತದಲ್ಲಿ, ಹಾಗಾಗಿ ರಕ್ಷಣೆ ಉಳಿಯುತ್ತದೆ ಎಂದವು. 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೇಳಲು ಒಪ್ಪಲಿಲ್ಲ. ತತ್ವ ಗೆದ್ದಿತು, ಮೀನುಗಾರರಿಗೆ ಪರಿಹಾರ ಸಿಗಲಿಲ್ಲ. ಅಮೆರಿಕದಲ್ಲೂ ಇಂಥ ಸಂಸ್ಥೆಗಳಿಗೆ ರಕ್ಷಣೆ ಕೊಟ್ಟ ಕಾನೂನು 1945ರದ್ದೇ. ಆ ವರ್ಷ ಬರೆದ ರಕ್ಷಣೆಯ ಸಾಲುಗಳು ಎಷ್ಟು ಗಟ್ಟಿ ಎಂದು ಇದರಿಂದ ತಿಳಿಯುತ್ತದೆ.

ನಾವೇ ರುಜು ಹಾಕಿದಾಗ

ರುಜು ಹಾಕದಿದ್ದರೆ ದನಿ ಇಲ್ಲ ಎಂದಾಯಿತು. ಹಾಕಿದರೆ? ಕೇರಳದ ಜಲನಿಧಿ ಯೋಜನೆ ನೋಡಿ. ಅದೂ ವಿಶ್ವಬ್ಯಾಂಕಿನ ಸಾಲದ್ದೇ. ನಮ್ಮ ಜಿಲ್ಲೆಯ ಕೆಲವು ಪಂಚಾಯತುಗಳಲ್ಲೂ ನಡೆದಿದೆ. ಅಲ್ಲಿ ನೀರು ಬೇಕಾದ ಮನೆಗಳು ಸೇರಿ ಒಂದು ಗುಂಪು ಕಟ್ಟಿ ನೋಂದಾಯಿಸಿದವು. ಪಂಚಾಯತು, ಯೋಜನೆಯ ಸಂಸ್ಥೆಗಳ ಜತೆ ಆ ಗುಂಪೂ ಒಪ್ಪಂದಕ್ಕೆ ಸೇರಿತು. ಬಂಡವಾಳದಲ್ಲಿ ಒಂದು ಪಾಲು ಮನೆಗಳೇ ಹಾಕಿದವು. ಕೆಲಸ ಮಾಡಿಸುವುದರಲ್ಲಿ ಅವರ ಮಾತು ನಡೆಯಿತು.

ಅದೇ ಕಾಗದದಲ್ಲಿ ಇನ್ನೊಂದು ಸಾಲಿತ್ತು. ಮುಂದಿನ ಖರ್ಚೆಲ್ಲ ಗುಂಪಿನದೇ. ಕರೆಂಟು ಬಿಲ್ಲು, ಪಂಪಿನ ರಿಪೇರಿ, ಪೈಪು ಒಡೆದರೆ ಜೋಡಿಸುವುದು. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದರೆ ಸರ್ಕಾರವನ್ನು ಕೇಳಲು ಹೋದಾಗ "ನೀವೇ ರುಜು ಹಾಕಿದ್ದೀರಲ್ಲ" ಎಂಬ ಉತ್ತರ ಬರಬಹುದು. ಹಕ್ಕು ಮತ್ತು ಹೊರೆ ಒಂದೇ ಹಾಳೆಯ ಎರಡು ಬದಿ. ಗುಂಪಿನ ಸಭೆಯಲ್ಲಿ ಕಾಗದ ಓದದೆ ಹೆಬ್ಬೆಟ್ಟು ಒತ್ತಬಾರದು. ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಪ್ರಶ್ನೆ ಕೇಳಬೇಕು.

ಇನ್ನೊಂದು ಜಾತಿಯ ಸಂಸ್ಥೆಯ ಬಗ್ಗೆಯೂ ಸ್ವಲ್ಪ ಹೇಳಬೇಕು. ಒಂದೇ ದೇಶದ ಸಂಸ್ಥೆ. ಹೊರದೇಶಗಳಿಗೆ ನೆರವು ಕೊಡಲು ಅಮೆರಿಕ ಸರ್ಕಾರ ಕಟ್ಟಿದ್ದ ಯುಎಸ್‌ಏಡ್ ಅಂಥದ್ದಾಗಿತ್ತು. ಶಾಲೆಯಲ್ಲಿ ತಿಂದ ಕೇರ್ ಉಪ್ಪಿಟ್ಟಿನ ಪರಿಮಳವನ್ನು ನಮ್ಮ ಹಿರಿಯರು ಇವತ್ತಿಗೂ ನೆನೆಸುತ್ತಾರೆ. ಅದರ ಹಿಂದೆ ಇದ್ದದ್ದು ಅಮೆರಿಕದ 1954ರ ಪಿಎಲ್ 480 ಕಾನೂನು. ಅದರಲ್ಲಿ ಬೇರೆ ಬೇರೆ ಭಾಗಗಳಿದ್ದವು. ಒಂದು ಭಾಗದಲ್ಲಿ ಬಂದ ಗೋಧಿ ಮಾರಾಟದ ಗೋಧಿ. ಭಾರತ 1956ರ ಒಪ್ಪಂದದಂತೆ ಅದಕ್ಕೆ ರೂಪಾಯಿಯಲ್ಲಿ ದುಡ್ಡು ಕೊಟ್ಟಿತು. ಇನ್ನೊಂದು ಭಾಗದಲ್ಲಿ ಬಂದದ್ದು ದಾನ, ಕೇರ್‌ನಂಥ ಸಂಸ್ಥೆಗಳ ಕೈಯಿಂದ ಶಾಲೆಗಳಿಗೆ. ರೇಷನ್ ಅಂಗಡಿಯ ಗೋಧಿಗೆ ಮಾರಾಟದ ಲೆಕ್ಕ, ಶಾಲೆಯ ಉಪ್ಪಿಟ್ಟಿಗೆ ಲೆಕ್ಕ ಇಲ್ಲ. ಆ ರೂಪಾಯಿಗಳು ಬೆಳೆದು ಬೆಟ್ಟವಾದಾಗ 1974ರಲ್ಲಿ ಅಮೆರಿಕ 1,664 ಕೋಟಿ ರೂಪಾಯಿಯ ಒಂದು ಚೆಕ್ ಬರೆದು ಭಾರತಕ್ಕೆ ಬಿಟ್ಟುಕೊಟ್ಟಿತು. ಅದಕ್ಕೂ ಒಂದು ಒಪ್ಪಂದ ಬೇಕಾಯಿತು.

ಯುಎಸ್‌ಏಡ್ 1961ರಲ್ಲಿ ಹುಟ್ಟಿತು. ಅದು ಹೆಚ್ಚಿನ ಕೆಲಸ ಮಾಡಿಸಿದ್ದು ಬೇರೆಯವರ ಕೈಯಿಂದ. ಅದಕ್ಕೆ ಮೂರು ಬಗೆಯ ಕಾಗದ. ತನಗೆ ಬೇಕಾದ ಸೇವೆ ಕೊಳ್ಳುವುದಾದರೆ ಗುತ್ತಿಗೆ. ಇನ್ನೊಬ್ಬರ ಕೆಲಸಕ್ಕೆ ಬೆಂಬಲ ಕೊಡುವುದಾದರೆ ಅನುದಾನ. ಬೆಂಬಲ ಕೊಟ್ಟು ತಾನೂ ಕೈಜೋಡಿಸುವುದಾದರೆ ಸಹಕಾರ ಒಪ್ಪಂದ. 1977ರ ಕಾನೂನೊಂದು ಈ ಗೆರೆಗಳನ್ನು ಎಳೆದಿದೆ. ಗುತ್ತಿಗೆಗಳಲ್ಲಿ ಒಂದು ಷರತ್ತು ಸಾಮಾನ್ಯ: ಯಾರ ತಪ್ಪೂ ಇಲ್ಲದಿದ್ದರೂ, ಸರ್ಕಾರಕ್ಕೆ ಬೇಡ ಅನಿಸಿದರೆ ನಿಲ್ಲಿಸಬಹುದು. 2025ರ ಮಾರ್ಚ್‌ನಲ್ಲಿ ಆ ದೇಶದ ವಿದೇಶಾಂಗ ಸಚಿವ ಮಾರ್ಕೊ ರುಬಿಯೊ ಸುಮಾರು 5,200 ಕರಾರುಗಳನ್ನು ರದ್ದು ಮಾಡಿದ್ದಾಗಿ ಹೇಳಿದರು. ಕಾರ್ಯಕ್ರಮಗಳಲ್ಲಿ ಶೇಕಡಾ 83 ಹೋದವು. ಜುಲೈ 1ಕ್ಕೆ ಸಂಸ್ಥೆಯ ಕೆಲಸವೇ ನಿಂತು, ಉಳಿದದ್ದು ವಿದೇಶಾಂಗ ಇಲಾಖೆಗೆ ಸೇರಿತು. ಅರವತ್ತು ವರ್ಷ ದಾಟಿದ ಸಂಸ್ಥೆ. ಕಾಗದಗಳನ್ನು ಹರಿದ ಮೇಲೆ ಉಳಿದದ್ದು ಹೆಸರು ಮಾತ್ರ. ಔಷಧಿಗೆ ಕಾಯುತ್ತಿದ್ದ ದೂರದ ಊರುಗಳ ರೋಗಿಗಳನ್ನು ನೆನೆಸಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಅವರೂ ಯಾವ ಕಾಗದಕ್ಕೂ ರುಜು ಹಾಕಿದವರಲ್ಲ.

ಯಾವ ಭಾಷೆಯ ಕಾಗದ

ಕಾಸರಗೋಡಿನ ಕನ್ನಡಿಗನಾಗಿ ನಾನು ಕೊನೆಗೆ ಬರುವುದು ಭಾಷೆಗೆ. ವಿಶ್ವಬ್ಯಾಂಕಿನ ಒಪ್ಪಂದಗಳು ಇಂಗ್ಲಿಷಿನಲ್ಲಿರುತ್ತವೆ. ಕೇರಳದಲ್ಲಿ ಜನರಿಗೆ ತಿಳಿಸುವ ಕಾಗದಗಳು ಸಾಮಾನ್ಯವಾಗಿ ಮಲಯಾಳದಲ್ಲಿ. ಚಂದ್ರಗಿರಿಯ ಉತ್ತರಕ್ಕೆ, ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಮಲಯಾಳ ಓದಲು ಬಾರದ ಹಿರಿಯರು ಎಷ್ಟೋ ಮಂದಿ ಇದ್ದಾರೆ. ಅವರ ಕೈಗೆ ಮಲಯಾಳದ ನೋಟಿಸು ಕೊಟ್ಟು "ತಿಳಿಸಿದ್ದೇವೆ" ಎಂದರೆ ಅದು ತಿಳಿಸಿದಂತಾಗುವುದಿಲ್ಲ.

ಇಲ್ಲಿ ಬ್ಯಾಂಕಿನ ಕಾಗದವೇ ನಮ್ಮ ಬೆನ್ನಿಗಿದೆ. ಅದರ ಹಳೆಯ ಪರಿಸರ ನೀತಿಯಲ್ಲಿ ಒಂದು ಸಾಲಿತ್ತು. ಸಮಾಲೋಚನೆಗೆ ಕರೆದ ಜನರಿಗೆ ಅರ್ಥವಾಗುವ ರೂಪದಲ್ಲಿ, ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕು. ಹೊಸ ಚೌಕಟ್ಟಿನಲ್ಲೂ ಸ್ಥಳೀಯ ಭಾಷೆಯ ಮಾತಿದೆ. ಅಳತೆಗೋಲು ಆ ಜನರ ಭಾಷೆ. ರಾಜ್ಯದ ಆಡಳಿತ ಭಾಷೆ ಯಾವುದು ಎನ್ನುವ ಪ್ರಶ್ನೆ ಅಲ್ಲಿ ಬರುವುದಿಲ್ಲ. ಕನ್ನಡ ಮಾತಾಡುವ ಊರಲ್ಲಿ ಸಭೆ ನಡೆದರೆ ಕನ್ನಡದಲ್ಲಿ ಸಾರಾಂಶ ಕೊಡಿ ಎಂದು ಕೇಳುವುದು ಭಿಕ್ಷೆ ಅಲ್ಲ, ಒಪ್ಪಂದ ಪಾಲಿಸಿ ಎಂದು ಹೇಳಿದಂತೆ. ನಮ್ಮ ಸಂವಿಧಾನದ 350ನೇ ವಿಧಿಯೂ ಜತೆಗಿದೆ. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎನ್ನುತ್ತದೆ ಅದು.

ತಪಾಸಣಾ ಮಂಡಳಿಗೆ ಪತ್ರವನ್ನೂ ನಮ್ಮ ಭಾಷೆಯಲ್ಲೇ ಬರೆಯಬಹುದು. ವಕೀಲರು ಬೇಕಿಲ್ಲ. ಯೋಜನೆಯ ಜಾಗದಲ್ಲಿ ತೊಂದರೆಗೆ ಒಳಗಾದ ಇಬ್ಬರು ಇದ್ದರೆ ಸಾಕು. ಯಾವ ಯೋಜನೆ, ಏನು ತೊಂದರೆ, ಬ್ಯಾಂಕಿಗೆ ಮೊದಲು ಯಾವಾಗ ಹೇಳಿದಿರಿ, ಏನು ಉತ್ತರ ಬಂತು ಎಂದು ಬರೆಯಬೇಕು. ಹೆಸರು ಗುಟ್ಟಾಗಿಡಿ ಎಂದೂ ಕೇಳಬಹುದು. ಒಂದು ಗಡುವು ಇದೆ. ಸಾಲದ ಮುಕ್ತಾಯ ದಿನ ಕಳೆದು 15 ತಿಂಗಳ ತನಕ ಮಾತ್ರ ದೂರು ತೆಗೆದುಕೊಳ್ಳುತ್ತಾರೆ. ಆ ದಿನಾಂಕ ಸಾಲದ ಒಪ್ಪಂದದಲ್ಲಿ ಬರೆದಿರುತ್ತದೆ. ಮುಂದೂಡಿದ್ದರೆ ಅದಕ್ಕೂ ಒಂದು ಪತ್ರ ಇರುತ್ತದೆ. 2010ರ ಮಾಹಿತಿ ನೀತಿಯ ನಂತರ ಈ ಕಾಗದಗಳಲ್ಲಿ ಹೆಚ್ಚಿನವು ಬ್ಯಾಂಕಿನ ಜಾಲತಾಣದಲ್ಲೇ ಇವೆ. ಯೋಜನೆಯ ಹೆಸರು ಹಾಕಿ ಹುಡುಕಿದರೆ ಸಿಗುತ್ತವೆ. ಊರಿನ ಗ್ರಂಥಾಲಯದಲ್ಲಿ ಒಂದು ಸಂಜೆ ನಾಲ್ಕು ಜನ ಕೂತು, ಇಂಗ್ಲಿಷ್ ಬಲ್ಲ ಒಬ್ಬರು ಓದಿ ಕನ್ನಡದಲ್ಲಿ ಹೇಳಿದರೆ, ಒಂದು ಯೋಜನಾ ಒಪ್ಪಂದ ಓದಿ ಮುಗಿಸಬಹುದು.